ನಡುವೆ ಕೂತವರು

ಗುಟ್ಟು ಆರು ಕಿವಿಗೆ ಬಿದ್ದರೆ ಉಳಿಯದು ಎಂಬುದು ಹಿಂದಿನವರ ಮಾತು. ನಾಲ್ಕು ಕಿವಿ ಹೇಳುವವರದು, ಕೇಳುವವರದು. ಉಳಿದೆರಡು ಯಾರವು? ನಡುವೆ ಕೂತು ಕೆಲಸ ಮಾಡುವವರವು. ಅಂಚೆ, ದೂರವಾಣಿಗಳ ಕಥೆಯನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಇವರ ನೆನಪಾಗುತ್ತದೆ.

ನಮ್ಮ ದೇಶಕ್ಕೆ ಪೋಸ್ಟ್ ಕಾರ್ಡು ಬಂದದ್ದು 1879ರಲ್ಲಿ. ಬೆಲೆ ಕಾಲಾಣೆ. ಅಗ್ಗ ನಿಜ, ಆದರೆ ಯಾರು ಬೇಕಾದರೂ ಓದಬಹುದು. ನನ್ನ ಬಾಲ್ಯದಲ್ಲೂ ನಮ್ಮ ಮನೆಯ ಹೆಂಗಸರು ತವರಿಗೆ ಕಾರ್ಡು ಬರೆದರೆ ‘ಎಲ್ಲರೂ ಕ್ಷೇಮ’ ಎಂಬಲ್ಲಿಗೆ ಮುಗಿಸುತ್ತಿದ್ದರು. ಕಷ್ಟಸುಖವೆಲ್ಲ ಅಂಟು ಹಚ್ಚಿದ ಕವರಿನೊಳಗೆ. ಆ ಅಂಟಿಗೆ ಕಾನೂನಿನ ಕಾವಲಿತ್ತು. 1898ರ ಅಂಚೆ ಕಾಯಿದೆಯಂತೆ, ಕರ್ತವ್ಯ ಮೀರಿ ಪತ್ರ ಒಡೆದ ಅಂಚೆ ನೌಕರನಿಗೆ ಎರಡು ವರ್ಷದವರೆಗೆ ಜೈಲು ಆಗಬಹುದಿತ್ತು.

ದೂರವಾಣಿಯಲ್ಲಿ ಅಂಟೂ ಇರಲಿಲ್ಲ. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೌಜರ್ ಎಂಬಾತ ಶವಸಂಸ್ಕಾರದ ಏರ್ಪಾಟು ಮಾಡುವ ವ್ಯಾಪಾರಿ. ತನ್ನ ಗಿರಾಕಿಗಳ ಕರೆಗಳನ್ನು ಆಪರೇಟರ್ ಎದುರಾಳಿಗೆ ತಿರುಗಿಸುತ್ತಾಳೆಂಬ ಗುಮಾನಿ ಅವನಿಗೆ ಬಂತೆಂದು ಪ್ರತೀತಿ. ಅವನು ಜಗಳಕ್ಕೆ ಹೋಗಲಿಲ್ಲ, ಆಪರೇಟರ್ ಬೇಡದ ಯಂತ್ರವನ್ನೇ ರೂಪಿಸಿದ. 1891ರಲ್ಲಿ ಪೇಟೆಂಟ್ ಸಿಕ್ಕಿತು, 1892ರಲ್ಲಿ ಇಂಡಿಯಾನಾದ ಲಾ ಪೋರ್ಟ್‌ನಲ್ಲಿ ಅಂಥ ಮೊದಲ ಎಕ್ಸ್‌ಚೇಂಜು ತೆರೆಯಿತು.

ನಡುವಿನವರು ಅಲ್ಲಿಗೆ ಮುಗಿದರೇ? ಇಲ್ಲ, ಬೇರೆ ಕುರ್ಚಿಗಳಲ್ಲಿ ಬಂದು ಕೂತರು. 2005ರಲ್ಲಿ ಪುಣೆಯ ಕಾಲ್ ಸೆಂಟರೊಂದರ ನೌಕರರು ಅಮೆರಿಕದ ಬ್ಯಾಂಕ್ ಗ್ರಾಹಕರ ಗುಟ್ಟಿನ ಸಂಖ್ಯೆಗಳನ್ನು ತಿಳಿದುಕೊಂಡು ಸುಮಾರು ಮೂರೂವರೆ ಲಕ್ಷ ಡಾಲರ್ ಲಪಟಾಯಿಸಿದ ಪ್ರಕರಣ ಹೊರಬಿತ್ತು. ಅದು ದುಡ್ಡಿನ ಮಾತಾಯಿತು. 2017ರಲ್ಲಿ ಪತ್ರಿಕೆಯಲ್ಲಿ ಬಂದ ಉತ್ತರ ಪ್ರದೇಶದ ಸುದ್ದಿ ಓದಿ ನನಗೆ ಊಟ ಸೇರಲಿಲ್ಲ. ಮೊಬೈಲಿಗೆ ಕರೆನ್ಸಿ ಹಾಕಿಸಲು ಬಂದ ಹುಡುಗಿಯರ ನಂಬರನ್ನು ಕೆಲವು ಅಂಗಡಿಯವರು ಪೋಲಿಗಳಿಗೆ ಮಾರುತ್ತಿದ್ದರಂತೆ. ಹುಡುಗಿಯ ರೂಪ ನೋಡಿ ಐವತ್ತರಿಂದ ಐನೂರು ರೂಪಾಯಿ. ಹೀಗೆ ಕಾಟ ಶುರುವಾದರೆ ಅನೇಕ ಮನೆಗಳಲ್ಲಿ ಮೊದಲು ಕಿತ್ತುಕೊಳ್ಳುವುದು ಹುಡುಗಿಯ ಫೋನನ್ನೇ!

ಅದೇ ವರ್ಷ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತರು. ಆಧಾರ್ ಕುರಿತು 2012ರಲ್ಲಿ ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದೇ ಒಂದು ಕಾಯಿದೆ ಬಂತು. ಮಾಹಿತಿಯನ್ನು ಭದ್ರವಾಗಿ ಕಾಯದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೂ ದಂಡ ಹಾಕಬಹುದೆಂದು ಅದರಲ್ಲಿದೆ. ವಿಚಿತ್ರವೆಂದರೆ, 1898ರ ಅಂಚೆ ಕಾಯಿದೆಯ ಜಾಗಕ್ಕೆ 2024ರಲ್ಲಿ ಜಾರಿಗೆ ಬಂದ ಹೊಸ ಅಂಚೆ ಕಾಯಿದೆಯಲ್ಲಿ, ಪತ್ರ ಒಡೆದ ನೌಕರನಿಗೆ ಜೈಲೆಂಬ ಆ ಹಳೆಯ ಕಲಮು ಉಳಿದಿಲ್ಲ.

ಸೀರೆ ಅಂಗಡಿಯಲ್ಲಿ ಬಿಲ್ಲಿಗೆ ಮುಂಚೆ ‘ಮೇಡಂ, ನಂಬರ್ ಹೇಳಿ’ ಎನ್ನುತ್ತಾರೆ. ನಾವು ಹಿಂದೆ ನಿಂತ ಹತ್ತು ಜನಕ್ಕೂ ಕೇಳುವಂತೆ ಹೇಳುತ್ತೇವೆ. ಕಾರ್ಡಿನಲ್ಲಿ ಏನು ಬರೆಯಬೇಕು, ಕವರಿನಲ್ಲಿ ಏನು ಎಂಬುದು ನಾಲ್ಕನೇ ಇಯತ್ತೆ ಓದಿದ ನಮ್ಮ ಅಜ್ಜಿಗೆ ಗೊತ್ತಿತ್ತು. ‘ಯಾಕಪ್ಪ ಬೇಕು ನಂಬರು?’ ಎಂದು ಕೇಳುವುದಕ್ಕೆ ಕಾನೂನು ಓದಿರಬೇಕಾಗಿಲ್ಲ.