ಮೇಲಿನ ಹೆಸರು, ಕೆಳಗಿನ ಮುದ್ರೆ

ಅಗ್ಗದ ವಸ್ತುವೆಂದರೆ ಕಳಪೆ, ದುಬಾರಿಯದೆಂದರೆ ಉತ್ತಮ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಬೆಲೆಯಿಂದ ತಿಳಿಯದಿದ್ದರೆ ಹೆಸರು ನೋಡುತ್ತೇವೆ. ಆ ಹೆಸರೇ ಸುಳ್ಳಾದರೆ? ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಸಾಮಾನ್ಯ ರೈತನ ಮುಂದಿದ್ದ ಪ್ರಶ್ನೆ ಇದು. ಅವನ ಕೈಯಲ್ಲಿದ್ದದ್ದು ಬೆಲ್ಜಿಯಂನಿಂದ ಬಂದ ಜೋಡುನಳಿಗೆ ಕೋವಿ. ಬಟ್ಟೆಯಲ್ಲೋ ಪಾತ್ರೆಯಲ್ಲೋ ಮೋಸಹೋದರೆ ಹಣವಷ್ಟೇ ನಷ್ಟ. ಕೋವಿಯ ನಳಿಗೆ ಸಿಡಿದರೆ ಹೋಗುವುದು ಬೆರಳು, ಇಲ್ಲವೆ ಕಣ್ಣು.

ಬೆಳೆ ಮತ್ತು ಕೋಳಿಗಳ ರಕ್ಷಣೆಗೆ, ಹಕ್ಕಿ ಬೇಟೆಗೆ ಆ ರೈತನಿಗೆ ಒಂದು ಕೋವಿ ಬೇಕಿತ್ತು. ಇಂಗ್ಲೆಂಡಿನ ಉತ್ತಮ ಕೋವಿ ಅವನ ಕೈಗೆಟುಕುವಂತಿರಲಿಲ್ಲ. ಆದರೆ ಊರಿನ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ, ಅಂಚೆ ಮೂಲಕ ವ್ಯಾಪಾರ ಮಾಡುವ ಕಂಪೆನಿಗಳ ಪಟ್ಟಿಯಲ್ಲಿ ಹದಿನೈದು ಡಾಲರಿಗೂ ಕಡಿಮೆ ಬೆಲೆಗೆ ಜೋಡುನಳಿಗೆ ಸಿಗುತ್ತಿತ್ತು. ಅದರ ಮೇಲೆ 'ಡಬ್ಲ್ಯೂ. ರಿಚರ್ಡ್ಸ್' ಎಂದು ಕೆತ್ತಿರುತ್ತಿತ್ತು. ಬರ್ಮಿಂಗ್‌ಹ್ಯಾಮಿನ ವೆಸ್ಲಿ ರಿಚರ್ಡ್ಸ್ ಆಗ ಹೆಸರಾಂತ ಕೋವಿ ತಯಾರಕ ಸಂಸ್ಥೆ. ಓದಿದವನು ಇದೂ ಅದೇ ಎಂದುಕೊಳ್ಳಲಿ ಎಂಬುದೇ ಕೆತ್ತಿಸಿದವರ ಲೆಕ್ಕಾಚಾರ. ಇಂಥ ನಕಲಿ ಹೆಸರುಗಳ ಬಗ್ಗೆ ಇಂಗ್ಲೆಂಡಿನ ಕೋವಿ ತಯಾರಕ ಡಬ್ಲ್ಯೂ. ಡಬ್ಲ್ಯೂ. ಗ್ರೀನರ್ 1881ರಲ್ಲಿ ಮೊದಲು ಪ್ರಕಟವಾದ ತಮ್ಮ ಗ್ರಂಥದಲ್ಲಿ ಓದುಗರನ್ನು ಎಚ್ಚರಿಸಿದ್ದರು.

ಇಷ್ಟು ಕೇಳಿದ ಕೂಡಲೇ ನಾವು ಬೆಲ್ಜಿಯಂನ ಕುಶಲಕರ್ಮಿಗಳನ್ನು ದೂರತೊಡಗುತ್ತೇವೆ. ಸ್ವಲ್ಪ ತಾಳ್ಮೆ ಬೇಕು. ಮ್ಯೂಸ್ ನದಿಯ ದಂಡೆಯ ಲಿಯೇಜ್ ಪಟ್ಟಣದಲ್ಲಿ ಕೋವಿಯ ಕೆಲಸ ಶತಮಾನಗಳಷ್ಟು ಹಳೆಯದು. ಒಬ್ಬ ನಳಿಗೆ ಕೊರೆಯುವವನು, ಒಬ್ಬ ಕುದುರೆ ಕೂಡಿಸುವವನು, ಇನ್ನೊಬ್ಬ ಮರದ ಹಿಡಿ ಕೆತ್ತುವವನು. ಬಹಳಷ್ಟು ಮಂದಿ ಮನೆಯಲ್ಲೇ ಕುಳಿತು ಕೂಲಿಗೆ ದುಡಿಯುವವರು. ಆ ಪಟ್ಟಣದಲ್ಲಿ ಅತ್ಯುತ್ತಮ ಕೋವಿಗಳೂ ತಯಾರಾಗುತ್ತಿದ್ದವು, ಅತಿ ಅಗ್ಗದವೂ ತಯಾರಾಗುತ್ತಿದ್ದವು. ಎಷ್ಟು ಹೊತ್ತು ಅರ ಹಾಕಬೇಕು ಎಂಬುದನ್ನು ನಿರ್ಧರಿಸುತ್ತಿದ್ದದ್ದು ಕೊಡುವ ಕೂಲಿ. ಮೇಲೆ ಯಾವ ಹೆಸರಿರಬೇಕು ಎಂಬುದನ್ನು ಹೇಳಿ ಬರೆಸುತ್ತಿದ್ದವರು ಸಗಟು ವ್ಯಾಪಾರಿಗಳು. ದುಡಿದವನ ಹೆಸರು ಕೋವಿಯ ಮೇಲೆ ಬರಲೇ ಇಲ್ಲ.

ಆದರೆ ಅದೇ ಕೋವಿಯಲ್ಲಿ ಒಂದು ಸತ್ಯವೂ ಇತ್ತು. ನಳಿಗೆಗಳನ್ನು ಕಳಚಿ ಬೋರಲು ಹಾಕಿದರೆ ಅಂಡಾಕಾರದ ಒಂದು ಪುಟ್ಟ ಮುದ್ರೆ, ಅದರೊಳಗೆ 'ಇ.ಎಲ್.ಜಿ.' ಎಂಬ ಅಕ್ಷರಗಳು ಕಾಣುತ್ತವೆ. ಅದು ಲಿಯೇಜಿನ ಪರೀಕ್ಷಾಗೃಹದ ಮುದ್ರೆ; 1893ರಿಂದ ಅದರ ಮೇಲೊಂದು ಕಿರೀಟವೂ ಸೇರಿತು. ನಳಿಗೆಗಳ ಪರೀಕ್ಷೆಗೆ ಅಲ್ಲಿ 1672ರಲ್ಲೇ ರಾಜಾಜ್ಞೆ ಹೊರಟಿತ್ತು. 1810ರಲ್ಲಿ ನೆಪೋಲಿಯನ್ನನ ಆಳ್ವಿಕೆಯಲ್ಲಿ ನಿಯಮ ಬಿಗಿಯಾಯಿತು. ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ ಸನದು ಸಿಕ್ಕಿದ್ದು 1637ರಲ್ಲಿ, ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ ಸ್ಥಾಪನೆಯಾದದ್ದು 1813ರಲ್ಲಿ. ಎಲ್ಲೆಡೆಯೂ ಕ್ರಮ ಒಂದೇ: ವಾಡಿಕೆಗಿಂತ ಹೆಚ್ಚು ಮದ್ದು ತುಂಬಿ ಹಾರಿಸುವುದು, ತಾಳಿಕೊಂಡ ನಳಿಗೆಗೆ ಮುದ್ರೆ ಒತ್ತುವುದು. ಹೀಗೆ ಮೇಲಿನ ಸಾಲು ಇಂಗ್ಲೆಂಡಿನ ಹೆಸರು ಹೇಳುತ್ತಿದ್ದರೆ, ಕೆಳಗಿನ ಮುದ್ರೆ ಹುಟ್ಟಿದ ಊರನ್ನು ಹೇಳುತ್ತಿತ್ತು. ತಿರುಗಿಸಿ ನೋಡುವ ವ್ಯವಧಾನ ಇದ್ದವರಿಗೆ ಮಾತ್ರ ಅದು ಕಾಣುತ್ತಿತ್ತು.

ಆ ಮುದ್ರೆಗೂ ಒಂದು ಮಿತಿಯಿದೆ. ಅಂದು, ಆ ಮದ್ದಿಗೆ, ಆ ನಳಿಗೆ ಸಿಡಿಯಲಿಲ್ಲ ಎಂದಷ್ಟೇ ಅದು ಸಾಕ್ಷಿ ಹೇಳುತ್ತದೆ. ಕೆಲಸದ ಅಚ್ಚುಕಟ್ಟುತನಕ್ಕೆ ಬೇರೆ ಪರೀಕ್ಷೆಗಳಿವೆ. ಬಲ್ಲವರು ನಳಿಗೆಗಳನ್ನು ತೂಗುಹಾಕಿ ಬೆರಳಿನಿಂದ ತಟ್ಟುತ್ತಾರೆ. ಬೆಸುಗೆ ಗಟ್ಟಿಯಾಗಿದ್ದರೆ ಗಂಟೆಯಂತೆ ನಾದ ಬರುತ್ತದೆ, ಸಡಿಲಾಗಿದ್ದರೆ ಒಡೆದ ಮಡಕೆಯ ಸದ್ದು. ಕೋವಿ ಮುಚ್ಚಿ ಬೆಳಕಿಗೆ ಹಿಡಿದು, ನಳಿಗೆಯ ಬುಡದ ಸಂದಿನಲ್ಲಿ ಬೆಳಕು ತೂರುತ್ತದೆಯೇ ಎಂದು ನೋಡುತ್ತಾರೆ. ಒಳಗಡೆ ತುಕ್ಕು ತಿಂದ ಕುಳಿಗಳನ್ನು ಹುಡುಕುತ್ತಾರೆ. ಕರಿಮದ್ದಿಗಾಗಿ ಪರೀಕ್ಷಿಸಿದ ಹಳೆಯ ನಳಿಗೆಯಲ್ಲಿ ಹೊಗೆರಹಿತ ಮದ್ದಿನ ಹೊಸ ತೋಟೆ ಹಾರಿಸುವುದು ಇಂದಿಗೂ ಅಪಾಯವೇ.

ಇನ್ನೊಂದು ಹೆಸರಿನ ಕಥೆ ನಮ್ಮ ನಾಡಿಗೂ ತಾಗುತ್ತದೆ. ಈ ಕೋವಿಗಳನ್ನು 'ಡಮಾಸ್ಕಸ್ ನಳಿಗೆ' ಎಂದು ಹೊಗಳಿ ಮಾರುತ್ತಿದ್ದರು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು, ಸುತ್ತಿ, ಬಡಿದು ಬೆಸೆದಾಗ ಅಲೆಯಂಥ ಚಿತ್ತಾರ ಮೂಡುತ್ತದೆ. ಅತಿ ಅಗ್ಗದ ಕೆಲವು ನಳಿಗೆಗಳಲ್ಲಿ ಆ ಚಿತ್ತಾರವೂ ಸುಳ್ಳು, ಸಾದಾ ಕಬ್ಬಿಣದ ಮೇಲೆ ಆಮ್ಲದಿಂದ ಮೂಡಿಸಿದ್ದು. ಡಮಾಸ್ಕಸ್‌ನ ಖಡ್ಗಗಳಿಗೆ ಕೀರ್ತಿ ತಂದದ್ದು ಮೂಸೆಯಲ್ಲಿ ಕರಗಿಸಿ ತೆಗೆದ ಬೇರೆಯೇ ಬಗೆಯ ಉಕ್ಕು. ಅದು ದಕ್ಷಿಣ ಭಾರತದಿಂದಲೂ ಹೋಗುತ್ತಿತ್ತು. ಇಂಗ್ಲಿಷಿನವರು ಅದಕ್ಕೆ 'ವುಟ್ಜ್' ಎಂದರು. ಆ ಪದದ ಮೂಲ ನಮ್ಮ 'ಉಕ್ಕು' ಎಂದು ವಿದ್ವಾಂಸರು ಗುರುತಿಸಿದ್ದಾರೆ. ಮೈಸೂರು ಸೀಮೆಯಲ್ಲಿ ಉಕ್ಕು ಮಾಡುವ ಬಗೆಯನ್ನು ಬುಕಾನನ್ 1800-01ರ ಪ್ರವಾಸದಲ್ಲಿ ದಾಖಲಿಸಿದ್ದಾನೆ. ಕುಲುಮೆಯ ಮುಂದೆ ಬೆವರು ಸುರಿಸಿದವನು ಒಬ್ಬ, ಕೀರ್ತಿ ಸಂದದ್ದು ಇನ್ನೊಂದು ಊರಿಗೆ.

ಸುಳ್ಳು ಹೆಸರಿಗೆ ಕಡಿವಾಣ ಹಾಕಲು ಬ್ರಿಟನ್ 1887ರಲ್ಲಿ ಸರಕು ಗುರುತು ಕಾಯ್ದೆ ತಂದಿತು. ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕದ 1890ರ ಸುಂಕ ಕಾಯ್ದೆ ವಿಧಿಸಿತು. ಆದರೂ ಚಾಳಿ ನಿಲ್ಲಲಿಲ್ಲ. ನ್ಯೂಯಾರ್ಕಿನ ಆಮದುದಾರ ಫೋಲ್ಸಮ್ ಸಂಸ್ಥೆಯ ಒಡೆತನಕ್ಕೆ ಬಂದ ಕನೆಕ್ಟಿಕಟ್‌ನ ಕ್ರೆಸೆಂಟ್ ಕಾರ್ಖಾನೆ, ಅಮೆರಿಕದಲ್ಲೇ ತಯಾರಿಸಿದ ಅಗ್ಗದ ಕೋವಿಗಳನ್ನು ಹತ್ತಾರು ಹೆಸರುಗಳಲ್ಲಿ ಮಾರಿತು. ಅಂದಮೇಲೆ ದೋಷ ಒಂದು ದೇಶದ್ದೆನ್ನುವುದು ಹೇಗೆ? 1914ರ ಆಗಸ್ಟಿನಲ್ಲಿ ಜರ್ಮನ್ ಸೈನ್ಯ ಲಿಯೇಜ್ ಹೊಕ್ಕಿತು. ಆ ಯುದ್ಧದೊಂದಿಗೆ ಅಗ್ಗದ ಕೋವಿಗಳ ರಫ್ತು ಕುಸಿಯಿತು, ಚಿತ್ತಾರದ ನಳಿಗೆಯ ಕಸುಬೂ ಬಹುಮಟ್ಟಿಗೆ ಕೊನೆಗೊಂಡಿತು.

ಮನುಷ್ಯರನ್ನೂ ನಾವು ಹೆಚ್ಚಾಗಿ ಮೇಲೆ ಕೆತ್ತಿದ ಹೆಸರಿನಿಂದಲೇ ಅಳೆಯುತ್ತೇವೆ. ಹೆಸರು ಕೇಳಿದೊಡನೆ ಒಬ್ಬನನ್ನು ನಂಬುತ್ತೇವೆ, ಇನ್ನೊಬ್ಬನನ್ನು ಶಂಕಿಸುತ್ತೇವೆ. ಯಾವ ಬೆಂಕಿಯನ್ನು ಹಾದು ಬಂದಿದ್ದಾನೆಂಬುದರ ಮುದ್ರೆಯನ್ನು ತಿರುಗಿಸಿ ನೋಡಲು ನಮಗೆ ಪುರುಸೊತ್ತಿಲ್ಲ.