ಸಂಧಿವಾತ ರೋಗಗಳಲ್ಲಿ ರೋಗಚರಿತ್ರೆ ಸಂಗ್ರಹ

ಸಂಧಿವಾತ ರೋಗಗಳಲ್ಲಿ ರೋಗಚರಿತ್ರೆ ಸಂಗ್ರಹವು ಕೀಲು, ಸ್ನಾಯು ಮತ್ತು ಸಂಯೋಜಕ ಅಂಗಾಂಶಗಳ ಸ್ವಯಂಪ್ರತಿರಕ್ಷಾ ಕಾಯಿಲೆಯ ಶಂಕೆಯಿರುವ ರೋಗಿಯನ್ನು ವೈದ್ಯರು ಕ್ರಮಬದ್ಧವಾಗಿ ಪ್ರಶ್ನಿಸಿ ಮಾಹಿತಿ ಪಡೆಯುವ ವಿಧಾನವಾಗಿದೆ. ಈ ಕಾಯಿಲೆಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆಯು ತನ್ನದೇ ಅಂಗಾಂಶಗಳ ಮೇಲೆ ದಾಳಿ ಮಾಡುತ್ತದೆ. ರುಮಟಾಯ್ಡ್ ಫ್ಯಾಕ್ಟರ್ ಮತ್ತು ಎ.ಎನ್.ಎ. ರಕ್ತಪರೀಕ್ಷೆಗಳು ಆರೋಗ್ಯವಂತರಲ್ಲಿಯೂ ಪಾಸಿಟಿವ್ ಬರಬಹುದು; ರುಮಟಾಯ್ಡ್ ಸಂಧಿವಾತವಿದ್ದರೂ ಮೊದಲನೆಯದು ನೆಗೆಟಿವ್ ಇರಬಹುದು. ಆದ್ದರಿಂದ ಪರೀಕ್ಷೆಯ ಫಲಿತಾಂಶವನ್ನು ರೋಗಚರಿತ್ರೆಯೊಂದಿಗೆ ಹೋಲಿಸಿಯೇ ಅರ್ಥೈಸಲಾಗುತ್ತದೆ.

ಕೀಲುನೋವಿನ ಸ್ವರೂಪ

ನೋವಿಗೆ ಉರಿಯೂತ ಕಾರಣವೋ ಸವೆತ ಕಾರಣವೋ ಎಂಬುದನ್ನು ಮೊದಲು ತಿಳಿಯಬೇಕು. ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಕಾಲ ಬಿಗಿದಿದ್ದು, ಓಡಾಡಿದಂತೆ ಸಡಿಲಗೊಳ್ಳುವ ಕೀಲುಗಳು ಉರಿಯೂತವನ್ನು ಸೂಚಿಸುತ್ತವೆ. ದುಡಿದಷ್ಟೂ ಹೆಚ್ಚಿ, ವಿಶ್ರಾಂತಿಯಿಂದ ತಗ್ಗುವ ನೋವು ಸಾಮಾನ್ಯವಾಗಿ ಸವೆತದ್ದು. ರುಮಟಾಯ್ಡ್ ಸಂಧಿವಾತವು ಹೆಚ್ಚಾಗಿ ಎರಡೂ ಕೈಗಳ ಮಣಿಕಟ್ಟು, ಬೆರಳುಗಳ ಬುಡದ ಮತ್ತು ನಡುವಿನ ಗೆಣ್ಣುಗಳನ್ನು ಬಾಧಿಸುತ್ತದೆ. 45 ವರ್ಷಕ್ಕೆ ಮೊದಲು ಆರಂಭವಾಗಿ, 3 ತಿಂಗಳು ಮೀರಿದ, ವ್ಯಾಯಾಮದಿಂದ ತಗ್ಗುವ ಬೆನ್ನುನೋವು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದೆಂಬ ಶಂಕೆ ಮೂಡಿಸುತ್ತದೆ. ಚಿಕೂನ್‌ಗುನ್ಯಾ ಜ್ವರದ ನಂತರವೂ ಕೀಲುನೋವು ತಿಂಗಳುಗಟ್ಟಲೆ ಉಳಿಯಬಹುದಾದುದರಿಂದ, ಹಿಂದೆ ಬಂದ ಜ್ವರದ ವಿವರವೂ ಅಗತ್ಯ.

ಇತರ ಅಂಗಗಳ ಲಕ್ಷಣಗಳು

ಕೀಲಿಗೆ ಸಂಬಂಧವಿಲ್ಲವೆಂದು ರೋಗಿಗಳು ಹೇಳದೆ ಬಿಡುವ ಲಕ್ಷಣಗಳನ್ನು ವೈದ್ಯರೇ ಕೇಳಬೇಕಾಗುತ್ತದೆ:

• ಬಿಸಿಲಿನಿಂದ ಹೆಚ್ಚುವ ಚರ್ಮದ ಕೆಂಪು, ಬಾಯಿಹುಣ್ಣು, ಕೂದಲು ಉದುರುವಿಕೆ – ಲೂಪಸ್
• ಕಣ್ಣು, ಬಾಯಿ ಒಣಗುವುದು. ನೀರಿಲ್ಲದೆ ಒಣ ಆಹಾರ ನುಂಗಲಾಗದಿರುವುದು – ಶೋಗ್ರೆನ್ ಸಿಂಡ್ರೋಮ್
• ಚಳಿಗೆ ಬೆರಳುಗಳು ಬಿಳಿಚಿ ನೀಲಿಗಟ್ಟುವುದು, ಚರ್ಮ ಬಿಗಿಯುವುದು – ಸ್ಕ್ಲೆರೋಡರ್ಮಾ
• ನೆಲದಿಂದ ಏಳಲು, ತಲೆ ಬಾಚಲು ಶಕ್ತಿ ಸಾಲದಿರುವುದು – ಸ್ನಾಯುಗಳ ಉರಿಯೂತ

ಹಿನ್ನೆಲೆ

ಸೋರಿಯಾಸಿಸ್‌ನ ಹಾಗೂ ಕುಟುಂಬದವರ ಸಂಧಿವಾತದ ಇತಿಹಾಸವನ್ನು ದಾಖಲಿಸಲಾಗುತ್ತದೆ. ಧೂಮಪಾನವು ರುಮಟಾಯ್ಡ್ ಸಂಧಿವಾತದ ಅಪಾಯವನ್ನು ಹೆಚ್ಚಿಸುತ್ತದೆ. ಮರುಕಳಿಸುವ ಗರ್ಭಪಾತ ಅಥವಾ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸವು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್‌ನ ಸುಳಿವಾಗಬಲ್ಲದು. ಕ್ಷಯರೋಗಕ್ಕೆ ನೀಡುವ ಐಸೋನಿಯಾಜಿಡ್ ಕೆಲವರಲ್ಲಿ ಲೂಪಸ್‌ನಂತಹ ಲಕ್ಷಣಗಳನ್ನು ಉಂಟುಮಾಡುತ್ತದೆ. ಸ್ಟೀರಾಯ್ಡ್ ಮಾತ್ರೆಗಳು ಉರಿಯೂತವನ್ನು ಮರೆಮಾಡುವುದರಿಂದ, ವೈದ್ಯರ ಚೀಟಿಯಿಲ್ಲದೆ ಪಡೆದ ಔಷಧಗಳ ಬಗೆಗೂ ವಿಚಾರಿಸಬೇಕು. ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಚಿಕಿತ್ಸೆಯಿಂದ ಹಳೆಯ ಸೋಂಕು ಮರುಕಳಿಸಬಹುದಾದ್ದರಿಂದ ಕ್ಷಯ ಮತ್ತು ಹೆಪಟೈಟಿಸ್ ಬಿ ಇತಿಹಾಸವೂ ಮುಖ್ಯ.

ತುರ್ತು ಸೂಚನೆಗಳು

50 ವರ್ಷ ದಾಟಿದವರಲ್ಲಿ ಹೊಸ ತಲೆನೋವು, ಅಗಿಯುವಾಗ ದವಡೆನೋವು ಅಥವಾ ದೃಷ್ಟಿ ಮಸುಕಾಗುವುದು ಕಂಡುಬಂದರೆ ಜೈಂಟ್ ಸೆಲ್ ಆರ್ಟರೈಟಿಸ್ ಶಂಕಿಸಬೇಕು. ಚಿಕಿತ್ಸೆ ತಡವಾದರೆ ಶಾಶ್ವತ ಅಂಧತ್ವ ಉಂಟಾಗಬಹುದು. ಒಂದೇ ಕೀಲು ಹಠಾತ್ತನೆ ಊದಿ ಬಿಸಿಯಾಗಿದ್ದರೆ, ಬೇರೆ ಕಾರಣ ಖಚಿತವಾಗುವವರೆಗೆ ಅದನ್ನು ಕೀಲಿನ ಸೋಂಕೆಂದೇ ಪರಿಗಣಿಸಲಾಗುತ್ತದೆ.