ಗಣಕಯಂತ್ರ ಸಾಕ್ಷರತಾ ಪರೀಕ್ಷೆ (ಕರ್ನಾಟಕ)

ಗಣಕಯಂತ್ರ ಸಾಕ್ಷರತಾ ಪರೀಕ್ಷೆಯು ಕರ್ನಾಟಕ ರಾಜ್ಯ ಸರ್ಕಾರಿ ನೌಕರರಿಗೆ ನಿಗದಿಪಡಿಸಲಾದ ಅರ್ಹತಾ ಪರೀಕ್ಷೆಯಾಗಿದೆ. 2012ರ ನಿಯಮಗಳನ್ವಯ ಜಾರಿಗೆ ಬಂದ ಈ ಪರೀಕ್ಷೆಯನ್ನು ಕಿಯೋನಿಕ್ಸ್ ಸಂಸ್ಥೆಯು ಆನ್‌ಲೈನ್ ಮೂಲಕ ನಡೆಸಿಕೊಂಡು ಬಂದಿದೆ. ನಿಯಮಗಳ ವ್ಯಾಪ್ತಿಗೆ ಒಳಪಟ್ಟು ಉತ್ತೀರ್ಣರಾಗದ ನೌಕರರ ಮುಂಬಡ್ತಿ ಹಾಗೂ ವಾರ್ಷಿಕ ವೇತನ ಬಡ್ತಿಗೆ ತಡೆಯುಂಟಾಗುತ್ತದೆ.

ಸಿದ್ಧತೆ

ಪಠ್ಯದಲ್ಲಿ ಪದಸಂಸ್ಕರಣೆ, ಸ್ಪ್ರೆಡ್‌ಶೀಟ್, ಅಂತರಜಾಲ ಮೊದಲಾದ ವಿಷಯಗಳಿವೆ. ದುಡಿಯುವ ವಯಸ್ಕರು ಇವನ್ನು ಸ್ವಂತ ಅಭ್ಯಾಸದಿಂದ ಅಥವಾ ಕಚೇರಿ ವೇಳೆಯ ಹೊರಗಿನ ತರಗತಿಗಳಲ್ಲಿ ಕಲಿಯಬಹುದು.

ಸ್ಪ್ರೆಡ್‌ಶೀಟ್‌ನ ಉಪಯೋಗ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಸೀಮೆಯಾಗಿವೆ. ಕೇಂದ್ರ ಸರ್ಕಾರವು 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆಯನ್ನು ನಿಗದಿಪಡಿಸಿತ್ತು. ಇಂತಹ ಖರೀದಿಯ ಲೆಕ್ಕವನ್ನು ಸ್ಪ್ರೆಡ್‌ಶೀಟ್‌ನಲ್ಲಿ ಇಡುವಾಗ, ಒಂದು ಕಾಲಮ್‌ನಲ್ಲಿ ರೈತರ ಹೆಸರು, ಮತ್ತೊಂದರಲ್ಲಿ ತೂಕ, ಮೂರನೆಯದರಲ್ಲಿ ದರವನ್ನು ನಮೂದಿಸಲಾಗುತ್ತದೆ. ತೂಕವನ್ನು ದರದಿಂದ ಗುಣಿಸುವ ಸೂತ್ರವನ್ನು ಒಮ್ಮೆ ಬರೆದು ಉಳಿದ ಸಾಲುಗಳಿಗೆ ನಕಲಿಸಬಹುದು, 3.25 ಕ್ವಿಂಟಾಲಿಗೆ 39,000 ರೂಪಾಯಿ ಎಂದು ಮೊತ್ತ ತಾನಾಗಿ ಮೂಡುತ್ತದೆ.

ಕೋಶದಲ್ಲಿ ಅಂಕಿಯನ್ನು ಮಾತ್ರ ಬರೆಯಬೇಕು. ‘3.25 ಕ್ವಿಂಟಾಲ್’ ಎಂದು ಸೇರಿಸಿ ಬರೆದರೆ ತಂತ್ರಾಂಶವು ಅದನ್ನು ಪಠ್ಯವೆಂದು ಪರಿಗಣಿಸುತ್ತದೆ. ಆಗ ತೂಕವನ್ನು ಕೂಡುವ ಸೂತ್ರವು ಯಾವ ಎಚ್ಚರಿಕೆಯನ್ನೂ ನೀಡದೆ ಆ ತೂಕವನ್ನು ಕೈಬಿಡುವುದರಿಂದ ಒಟ್ಟು ಲೆಕ್ಕ ಕಡಿಮೆಯಾಗುತ್ತದೆ. ಆದ್ದರಿಂದ ಪರಿಮಾಣದ ಹೆಸರನ್ನು ಕಾಲಮ್‌ನ ಶೀರ್ಷಿಕೆಯಲ್ಲಿ ನೀಡುವುದು ರೂಢಿ.